ಈ ವರ್ಷ ಕೈಗೆ ಬಂದದ್ದರಲ್ಲಿ ನಿಮ್ಮ ಮುದ್ದಿನ ನಾಣ್ಯ ಯಾವುದು, ಅದಕ್ಕೆ ಯಾರ ಋಣ?

ರೈಟ್ ರೈಟ್ (ಚಿತ್ರದುರ್ಗ)

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಬಂತು. ಹೋದ ವರ್ಷ ಇದೇ ಹೊತ್ತಿಗೆ ಇಲ್ಲಿ ಯಾರ ಹತ್ತಿರ ಎಷ್ಟು ಬೆಲೆಯದ್ದು ಇದೆ ಅಂತ ಶುರುವಾದ ಮಾತು ಜಗಳದಲ್ಲಿ ಮುಗೀತು. ಈ ಸಲ ಬೆಲೆ ಬೇಡ. ಒಂದೇ ಒಂದು ನಾಣ್ಯ ಹೇಳಿ. ಅದು ನಿಮ್ಮ ಕೈಗೆ ಬರೋದಕ್ಕೆ ಯಾರು ಕಾರಣ ಅನ್ನೋದನ್ನೂ ಹೇಳಿ. ಹೆಸರು ಬೇಡ, ಮನುಷ್ಯ ಎಂಥವರು ಅಂತ ಹೇಳಿದರೆ ಸಾಕು.

ಮೊದಲು ನನ್ನದು. ಉದ್ದ ಆಗುತ್ತೆ, ಮೊಮ್ಮಗಳು ಟೈಪ್ ಮಾಡಿಕೊಡ್ತಿದ್ದಾಳೆ, ಅವಳಿಗೆ ಬೇಜಾರಾದಲ್ಲಿಗೆ ನಿಲ್ಲಿಸ್ತೀನಿ.

ನಾನು ಕೆಂಪು ಬಸ್ಸಿನಲ್ಲಿ 31 ವರ್ಷ ಕಂಡಕ್ಟರ್ ಆಗಿದ್ದವನು. ಈ ಹುಚ್ಚು ಹತ್ತಿದ್ದು ಆ ಚರ್ಮದ ಬ್ಯಾಗಿನಿಂದಲೇ. ರಾತ್ರಿ ಡಿಪೋದಲ್ಲಿ ದುಡ್ಡು ಕಟ್ಟುವ ಮುಂಚೆ ಚಿಲ್ಲರೆ ಸುರಿದು ಎಣಿಸಬೇಕಲ್ಲ, ಆಗ ಯಾವುದಾದರೂ ಒಂದು ಕಣ್ಣಿಗೆ ಬೀಳೋದು. ಕಮಲದ ಹೂವಿನ ಹಳದಿ 20 ಪೈಸೆ, ‘ನಯಾ ಪೈಸೆ’ ಅಂತ ಬರೆದಿರುವ ಹಳೇ ಬಿಲ್ಲೆ. ಅಷ್ಟೇ ದುಡ್ಡು ನನ್ನ ಜೇಬಿನಿಂದ ಬ್ಯಾಗಿಗೆ ಹಾಕಿ ಅದನ್ನು ಎತ್ತಿಟ್ಟುಕೊಳ್ತಿದ್ದೆ. 2011ರ ಜೂನ್ 30ಕ್ಕೆ ನಾಲ್ಕಾಣೆ ನಿಲ್ಲುತ್ತೆ ಅಂದಾಗ ಆ ವಾರವೆಲ್ಲ ಜನ ಟಿಕೆಟ್ಟಿಗೆ ನಾಲ್ಕಾಣೆನೇ ಎಣಿಸಿಕೊಟ್ಟರು. ಬ್ಯಾಗಿನ ಭಾರಕ್ಕೆ ಎಡಗಡೆ ಹೆಗಲು ಇಳಿದುಹೋಗಿತ್ತು, ಇವತ್ತಿಗೂ ನಾನು ಒಂಚೂರು ವಾಲಿಕೊಂಡೇ ನಡೆಯೋದು.

ಟಿಪ್ಪು ಕಾಲದ ಆನೆ ದುಡ್ಡಿನ (ಒಂದು ಕಡೆ ಆನೆ ಇರುವ ತಾಮ್ರದ ನಾಣ್ಯ) ಆಸೆ ಆಮೇಲೆ ಬಂತು. ಹಿರಿಯೂರು ರೂಟಿನಲ್ಲಿ ದಿನಾ ಬರ್ತಿದ್ದ ಉರ್ದು ಮೇಷ್ಟ್ರು ಒಬ್ಬರು ಟಿಕೆಟ್ಟಿನ ಹಿಂಭಾಗದಲ್ಲಿ ಪರ್ಷಿಯನ್ ಅಕ್ಷರ ಬರೆದು ತೋರಿಸೋರು. ‘ಜರ್ಬ್’ ಅಂದರೆ ಅಚ್ಚು ಹಾಕಿದ್ದು, ಅದರ ಜೊತೆಗೆ ಬರೋದು ಟಂಕಸಾಲೆಯ ಊರ ಹೆಸರು. ಪಟನ್ ಅಂದರೆ ಶ್ರೀರಂಗಪಟ್ಟಣ, ನಗರ್ ಅಂದರೆ ಬಿದನೂರು, ಫೈಜ್ ಹಿಸಾರ್ ಅಂದರೆ ಗುತ್ತಿ. ಈ ಮೂರೂ ಕೈಗೆ ಬಂದು ವರ್ಷಗಳಾಗಿದ್ದವು. ನನಗೆ ಬೇಕಾಗಿದ್ದು ಫರ್ರುಖ್‌ಯಾಬ್ ಹಿಸಾರ್. ನಮ್ಮ ಚಿತ್ರದುರ್ಗಕ್ಕೆ ಆಗ ಇಟ್ಟಿದ್ದ ಹೆಸರು ಅದು. ಊರಿನ ದುಡ್ಡು ಊರಲ್ಲಿ ಹುಟ್ಟಿದವನಿಗೇ ಸಿಕ್ಕಿರಲಿಲ್ಲ, 11 ವರ್ಷ.

ಈ ವರ್ಷ ಏಪ್ರಿಲಿನಲ್ಲಿ ಮಗಳ ಬಾಣಂತನಕ್ಕೆ ಸಾಮಾನು ತರೋಕೆ ದೊಡ್ಡಪೇಟೆ ಕಡೆಯ ಒಂದು ಗ್ರಂಥಿಗೆ ಅಂಗಡಿಗೆ ಹೋದೆ. ಹೆಂಡತಿ ಚೀಟಿ ಕೊಟ್ಟಿದ್ದಳು: ಒಣಶುಂಠಿ ಕಾಲು ಕೆಜಿ, ಓಮ ಅರ್ಧ ಕೆಜಿ, ಹಿಪ್ಪಲಿ ಎರಡು ತೊಲ, ಜೇಷ್ಠಮಧು ಒಂದು ತೊಲ. ಅಂಗಡಿ ಅಜ್ಜನಿಗೆ 80 ದಾಟಿದೆ. ಶುಂಠಿ, ಓಮ ಎಲ್ಲ ಕರೆಂಟಿನ ತಕ್ಕಡಿಯಲ್ಲಿ ತೂಗಿದರು. ತೊಲದ ಲೆಕ್ಕದ್ದು ಬಂದಾಗ ಮಾತ್ರ ಗಲ್ಲಾಪೆಟ್ಟಿಗೆ ಕೆಳಗಿಂದ ಹಿತ್ತಾಳೆಯ ಪುಟ್ಟ ಕೈತಕ್ಕಡಿ ತೆಗೆದರು. (ತೂಕದ ಇಲಾಖೆಯವರು ಇಲ್ಲಿದ್ದರೆ ಮುಂದಿನ ಪ್ಯಾರಾ ಓದಬೇಡಿ.) ಒಂದು ತಟ್ಟೆಗೆ ಹಿಪ್ಪಲಿ, ಇನ್ನೊಂದಕ್ಕೆ ಕರ್ರಗಿನ ಒಂದು ದಪ್ಪ ಬಿಲ್ಲೆ.

ತಕ್ಕಡಿ ತೂಗಾಡುವಾಗ ಬಿಲ್ಲೆ ಒಂದು ಕಡೆ ಹೊರಳಿತು. ನಾಲ್ಕು ಕಾಲು ಕಂಡವು.

“ಅಜ್ಜಾ, ಆ ಬಟ್ಟು ಒಂದ್ಸಲ ಕೊಡ್ತೀರಾ?”

“ಬಟ್ಟು ಮಾರೋದಲ್ಲ ಕಣಪ್ಪ. ನಮ್ಮಪ್ಪನ ಕಾಲದ್ದು.”

“ಮಾರಬೇಡಿ, ನೋಡಿಕೊಡ್ತೀನಿ.”

ಒಂದು ಕಡೆ ಆನೆ. ಇನ್ನೊಂದು ಕಡೆ ತಿರುಗಿಸಿದೆ. ಮೇಷ್ಟ್ರು ಬರೆದುಕೊಟ್ಟಿದ್ದ ಆ ಟಿಕೆಟ್ಟು ಇನ್ನೂ ನನ್ನ ಪರ್ಸಿನಲ್ಲಿದೆ, ತೆಗೆದು ಪಕ್ಕದಲ್ಲಿಟ್ಟು ಒಂದೊಂದೇ ಅಕ್ಷರ ಹೋಲಿಸಿದೆ. ‘ಹಿಸಾರ್’ ಸ್ಪಷ್ಟ. ಅದರ ಮುಂದಿನದು ಸ್ವಲ್ಪ ಸವೆದಿತ್ತು, ಆದರೂ ಫೈಜ್ ಅಲ್ಲ. ಫರ್ರುಖ್‌ಯಾಬ್. ಹಿಂದೆ ನಿಂತಿದ್ದ ಹೆಂಗಸು “ಬೇಗ ಆಗಲಿ ಅಣ್ಣಾ” ಅಂದಾಗಲೇ ನಾನು ಅಂಗಡಿಯಲ್ಲಿದ್ದೀನಿ ಅನ್ನೋ ನೆನಪಾಗಿದ್ದು.

ಅವತ್ತು ಕೇಳಲಿಲ್ಲ. ಮತ್ತೆ ಮೂರು ಸಲ ಹೋದೆ, ಬೇಡದಿದ್ದರೂ ಜೇಷ್ಠಮಧು ತಂದೆ, ಮನೆಯಲ್ಲಿ ಈಗಲೂ ಡಬ್ಬಿ ತುಂಬ ಇದೆ. ಎರಡನೇ ಸಲ ಹೋದಾಗ ಇದು ಏನು, ಎಲ್ಲಿಯದು, ಇವತ್ತು ಪೇಟೆಯಲ್ಲಿ ಎಷ್ಟಕ್ಕೆ ಹೋಗುತ್ತೆ ಎಲ್ಲ ಹೇಳಿದೆ. ಇಲ್ಲಿ ಕೆಲವರು ಬೈತೀರಿ, ಗೊತ್ತು. ‘ಬೆಲೆ ಹೇಳಿದರೆ ಕೊಡಲ್ಲ, ಹೇಳದೆ 50 ರೂಪಾಯಿ ಕೊಟ್ಟು ತರಬೇಕು’ ಅಂತ ಹೋದ ವರ್ಷ ಒಬ್ಬರು ಬರೆದಿದ್ದರು. ಸ್ವಾಮಿ, 31 ವರ್ಷದಲ್ಲಿ ನನ್ನ ಮೇಲೆ ಬಂದ ಬೈಗುಳಗಳಲ್ಲಿ ನನಗೆ ತಾಗಿದ್ದು ಒಂದೇ, ‘ಚಿಲ್ಲರೆ ನುಂಗಿದ ಕಂಡಕ್ಟರ್’ ಅನ್ನೋದು. ರಿಟೈರ್ ಆದ ಮೇಲೆ ಆ ಹೆಸರು ತಗೊಳ್ಳೋಕೆ ನನಗಿಷ್ಟ ಇಲ್ಲ.

ಮೂರನೇ ಸಲ ಹೋದಾಗ ಅಜ್ಜನೇ ಕೇಳಿದರು, “ಇದು ಸರಿಯಾಗಿ ಒಂದು ತೊಲ ತೂಗುತ್ತೋ?” ಇಬ್ಬರೂ ಪಕ್ಕದ ಚಿನ್ನದ ಅಂಗಡಿಗೆ ಹೋಗಿ ಇಟ್ಟೆವು. 11.1 ಗ್ರಾಂ. ತೊಲ ಅಂದರೆ 11.66. ಅಜ್ಜನ ಮುಖ ಸಣ್ಣಗಾಯಿತು. “ಹಂಗಾದ್ರೆ ನಮ್ಮಪ್ಪನೂ ನಾನೂ ಊರಿಗೆಲ್ಲ ಅರ್ಧ ಗ್ರಾಂ ಕಮ್ಮಿ ಕೊಟ್ಟೀವಿ ಅನ್ನು.” ನಾನು ಅವರಿಗೆ ಸಮಾಧಾನ ಹೇಳಲು ಹೋಗಿ, ಹೊಸದರಲ್ಲಿ ಇಷ್ಟು ಸವೆದಿರಲಿಲ್ಲ ಬಿಡಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಸರಿಯಾಗಿ ತೊಲ ತೂಗೋ ಬಟ್ಟು ಒಂದು ತಂದುಕೊಡು, ಇದನ್ನ ತಗೊಂಡು ಹೋಗು” ಅಂದರು.

ತೊಲ ತೂಗೋದು ಏನು? ಬೆಳ್ಳಿ ರೂಪಾಯಿ. ಬ್ರಿಟಿಷರ ರೂಪಾಯಿಯ ತೂಕವೇ ಒಂದು ತೊಲ. ನನ್ನ ಹತ್ತಿರ 1919ರ ಐದನೇ ಜಾರ್ಜ್ ರೂಪಾಯಿ ಒಂದಿತ್ತು, ಹೆಚ್ಚು ಕೈ ಬದಲಾಗದ್ದು, ಅಂಚಿನ ಗೀರು ಇನ್ನೂ ಬೆರಳಿಗೆ ಸಿಗುತ್ತೆ. ಅದೇ ಚಿನ್ನದ ಅಂಗಡಿಯಲ್ಲಿ ಇಟ್ಟರೆ 11.6. ಅಜ್ಜ ಕಣ್ಣಿಗೆ ಒತ್ತಿಕೊಂಡು ತಗೊಂಡರು. ನಾನು ಆನೆ ತಂದೆ.

ನನ್ನ ಋಣ ಇಬ್ಬರಿಗೆ, ಆ ಅಜ್ಜನಿಗೆ ಮತ್ತು ಟಿಕೆಟ್ಟಿನ ಮೇಲೆ ಅಕ್ಷರ ಕಲಿಸಿದ ಮೇಷ್ಟ್ರಿಗೆ. ಮೇಷ್ಟ್ರು ಈಗ ಇಲ್ಲ.

ಇನ್ನು ಒಂದು ಪ್ರಶ್ನೆ, ಬಲ್ಲವರು ಹೇಳಿ. ಆನೆಯ ಹಿಂಗಾಲಿನ ಹತ್ತಿರ ಹಸಿರು ಕಿಲುಬು ಇದೆ. ಉಜ್ಜಬಹುದಾ? ಫೋಟೋ ಹಾಕಿದ್ದೀನಿ. ಹೆಂಡತಿ ದೇವರ ಪಾತ್ರೆ ಜೊತೆಗೆ ಹುಣಸೆಹಣ್ಣು ಹಚ್ಚಿ ಬೆಳಗಿಕೊಡ್ತೀನಿ ಅಂತಿದ್ದಾಳೆ.

ಹಾಗ-ಬೇಳೆ (ಮೈಸೂರು)

ಹುಣಸೆಹಣ್ಣು ದೂರ ಇಡಿ! ಅಕ್ಕಾವ್ರಿಗೆ ನನ್ನ ಕೈಮುಗಿದ ನಮಸ್ಕಾರ ತಿಳಿಸಿ, ಆದರೆ ಆ ಬಟ್ಟಲು ಈ ನಾಣ್ಯದ ಹತ್ತಿರ ಬರಬಾರದು. ಹುಣಸೆಯ ಹುಳಿ ಇನ್ನೂರು ಚಿಲ್ಲರೆ ವರ್ಷದ ಕಪ್ಪು ಕಂದು ಪದರವನ್ನು ಒಂದೇ ನಿಮಿಷದಲ್ಲಿ ತಿಂದುಹಾಕುತ್ತೆ. ಆಮೇಲೆ ಅದು ಹೊಸ ಚೊಂಬಿನ ಬಣ್ಣಕ್ಕೆ ಬರುತ್ತೆ. ನಾನು ಹೈಸ್ಕೂಲಿನಲ್ಲಿದ್ದಾಗ ವಿಜಯನಗರದ ಏಳು ತಾಮ್ರದ ಕಾಸನ್ನು ಹೀಗೇ ಹಾಳು ಮಾಡಿದವನು, ಅದಕ್ಕೇ ಕೂಗಾಡ್ತಿದ್ದೀನಿ.

ಫೋಟೋ ದೊಡ್ಡದು ಮಾಡಿ ನೋಡಿದೆ. ಕಿಲುಬಿನಲ್ಲಿ ಎರಡು ಜಾತಿ. ಗಟ್ಟಿಯಾಗಿ, ನಯವಾಗಿ, ಗಾಢ ಹಸಿರಾಗಿ ಅಂಟಿಕೊಂಡಿದ್ದರೆ ಅದು ನಾಣ್ಯದ ಚರ್ಮ ಅಂದುಕೊಳ್ಳಿ, ಮುಟ್ಟಬೇಡಿ. ತಿಳಿ ಹಸಿರು ಬಣ್ಣದ ಪುಡಿ, ಬಿದಿರಿನ ಹಲ್ಲುಕಡ್ಡಿಯಿಂದ ಕೆದಕಿದರೆ ಉದುರುತ್ತೆ ಅಂದರೆ ಅದು ರೋಗ. ತಾಮ್ರವನ್ನು ಒಳಗಿಂದ ತಿನ್ನುತ್ತಾ ಹೋಗುತ್ತೆ, ಪಕ್ಕದ ನಾಣ್ಯಕ್ಕೂ ದಾಟಬಹುದು. ನಿಮ್ಮದು ಹಿಂಗಾಲಿನ ಹತ್ತಿರ ಮೊದಲನೇ ಜಾತಿಯ ಹಾಗೇ ಕಾಣ್ತಿದೆ, ಆದರೂ ಕಡ್ಡಿ ಹಾಕಿ ನೋಡಿ. ಪುಡಿ ಉದುರಿದರೆ ಡಿಸ್ಟಿಲ್ಡ್ ವಾಟರಿನಲ್ಲಿ ಮುಳುಗಿಸಿ, ಎರಡು ಮೂರು ದಿನಕ್ಕೊಮ್ಮೆ ನೀರು ಬದಲಾಯಿಸಿ, ಕೆಲವು ವಾರ ಬೇಕು. ಬ್ಯಾಟರಿ ಅಂಗಡಿಯಲ್ಲಿ ಸಿಗುವ ನೀರೇ ಸಾಕು, ನಲ್ಲಿ ನೀರು ಬೇಡ, ಅದರಲ್ಲಿರುವ ಕ್ಲೋರಿನ್ನೇ ಈ ರೋಗಕ್ಕೆ ಮೇವು. ಆಮೇಲೆ ಚೆನ್ನಾಗಿ ಒಣಗಿಸಿ. ಮೆತ್ತಗಿನ ಪಿವಿಸಿ ಕವರಿನಲ್ಲಿ ಮಾತ್ರ ಇಡಬೇಡಿ. ಅದು ವರ್ಷ ಎರಡು ವರ್ಷಕ್ಕೆ ಜಿಡ್ಡು ಬಿಟ್ಟು ತಾನೇ ಹಸಿರು ಹತ್ತಿಸುತ್ತೆ. ಕಾಗದದ ಲಕೋಟೆ ಎಷ್ಟೋ ಮೇಲು.

ಆನೆಯ ಬಾಲ, ಸೊಂಡಿಲಿನ ಗೆರೆ ಎಲ್ಲ ಅಚ್ಚು ಹೊಡೆದು ಬಂದವೇ. ಎರಕ ಹೊಯ್ದ ನಕಲಿಗಳಲ್ಲಿ ಮೈತುಂಬ ಸೂಜಿ ಚುಚ್ಚಿದಂಥ ಗುಳಿ ಇರುತ್ತೆ, ಅಂಚಿನಲ್ಲಿ ಎರಡು ಅರ್ಧ ಸೇರಿದ ಗೆರೆ ಇರುತ್ತೆ. ಪ್ರವಾಸಿ ಜಾಗಗಳ ಎದುರು ಇಂಥವನ್ನು ಕಿಲೋ ಲೆಕ್ಕದಲ್ಲಿ ಮಾರ್ತಾರೆ. ನಿಮ್ಮದರಲ್ಲಿ ಆ ಗುಮಾನಿ ಇಲ್ಲ. ತಲೆಮಾರುಗಟ್ಟಲೆ ಹಿಪ್ಪಲಿ ತೂಗಿದ್ದೇ ದೊಡ್ಡ ಸರ್ಟಿಫಿಕೇಟು.

ನನ್ನದು: ಒಂದು ಕಂಠೀರಾಯಿ ಹಣ. ರಣಧೀರ ಕಂಠೀರವ ನರಸರಾಜ ಒಡೆಯರು (1638–1659) ಶುರುಮಾಡಿದ ಚಿನ್ನದ ಹಣ. ಅರ್ಧ ಗ್ರಾಮಿಗೂ ಕಡಿಮೆ, ಕಿರುಬೆರಳ ಉಗುರಿಗಿಂತ ಸಣ್ಣದು. ಅಷ್ಟರಲ್ಲೇ ಯೋಗ ನರಸಿಂಹ ಕೂತಿದ್ದಾನೆ, ಹಿಂದೆ ನಾಗರಿಯಲ್ಲಿ ಶ್ರೀ ಕಂಠೀರವ. ನಾವು ದಿನಾ ‘ಹಣ ಇಲ್ಲ, ಹಣ ಇಲ್ಲ’ ಅಂತೀವಲ್ಲ, ಆ ಮಾತು ಇಂಥ ನಾಣ್ಯದ ಹೆಸರು. ಹಳಗನ್ನಡದ ಪಣ, ನಡುಗನ್ನಡಕ್ಕೆ ಬರುವಾಗ ಹಣ. ಋಣ ನನ್ನ ತಂಗಿಯದು. ತಿಂಗಳ ಚೀಟಿ ದುಡ್ಡು ಅವಳಿಗೆ ಬಂತು, ಫ್ರಿಜ್ ತಗೋತೀನಿ ಅಂದವಳು ನನ್ನ ಮುಖ ನೋಡಿ ಅರ್ಧ ನನಗೆ ಸಾಲ ಕೊಟ್ಟಳು. ಮನೆಗೆ ತಂದ ದಿನವೇ ಹಣ ನೆಲಕ್ಕೆ ಬಿತ್ತು. ಫ್ಯಾನ್ ಆರಿಸಿ, ಮನೆಯವರೆಲ್ಲ ಬಗ್ಗಿ, ಎರಡು ಗಂಟೆ ಹುಡುಕಿ, ಕೊನೆಗೆ ಚಾಪೆಯ ಎಳೆಯಲ್ಲಿ ಸಿಕ್ಕಿತು. ಸಾಲ ಇನ್ನೂ ತೀರಿಲ್ಲ.

ಹೊಸಬ 2004 (ರಾಯಚೂರು)

ಅಂಕಲ್, ತಪ್ಪು ತಿಳೀಬ್ಯಾಡ್ರಿ. ನಾನು ಮೊಬೈಲ್‌ನಾಗ ಉರ್ದು ಅಂಕಿ ನೋಡ್ಕೊಂಡು ಓದಿದೆ. ಆನೆ ಮ್ಯಾಲ 7121 ಅಂತ ಐತಲ್ರಿ? ಹಿಜರಿ ಲೆಕ್ಕದಾಗೂ ಅಷ್ಟು ವರ್ಷ ಆಗಿಲ್ಲ. ಡೂಪ್ಲಿಕೇಟ್ ಇರಬಹುದೇನ್ರಿ? ಹೊಸಬ ಇದ್ದೀನಿ, ಅದಕ್ಕ ಕೇಳಿದೆ.

ರೈಟ್ ರೈಟ್ (ಚಿತ್ರದುರ್ಗ)

ತಮ್ಮಾ, ಒಳ್ಳೇ ಪ್ರಶ್ನೆ. ನಾನೂ ಮೊದಲನೇ ಪಟನ್ ದುಡ್ಡು ಸಿಕ್ಕಾಗ ಹೀಗೇ ಹೆದರಿ ಮಾರಿದವನಿಗೆ ವಾಪಸ್ ಕೊಡೋಕೆ ಹೋಗಿದ್ದೆ. ಅದು 7121 ಅಲ್ಲ, 1217. ಬಲದಿಂದ ಎಡಕ್ಕೆ ಓದು. ಟಿಪ್ಪು ಮೊದಲು ಎಲ್ಲರ ಹಾಗೆ ಹಿಜರಿ ವರ್ಷ ಹಾಕಿಸ್ತಿದ್ದ, ಎಡದಿಂದ ಬಲಕ್ಕೇ ಇರೋದು. ಆಮೇಲೆ ‘ಮೌಲೂದಿ’ ಅಂತ ತನ್ನದೇ ಹೊಸ ಲೆಕ್ಕ ತಂದ, ಅದರ 1215ನೇ ವರ್ಷ ಅಂದರೆ ನಮ್ಮ 1787. ಅಂಕಿಯನ್ನೂ ಅಕ್ಷರದ ಹಾಗೆ ಬಲದಿಂದ ಬರೆಸಿದ. 1217 ಅಂದರೆ 1789ರ ಸುಮಾರು. ತಾಮ್ರದ ದುಡ್ಡಿಗೆಲ್ಲ ಆಕಾಶದ ಹೆಸರು ಇಟ್ಟ: ಪೈಸೆ ‘ಜೊಹ್ರಾ’, ಅಂದರೆ ಶುಕ್ರ. ಅರ್ಧ ಪೈಸೆ ‘ಬಹ್ರಾಮ್’, ಅದು ಮಂಗಳ. ಕಾಲು ಪೈಸೆ ‘ಅಖ್ತರ್’, ನಕ್ಷತ್ರ. ಅದರರ್ಧ ‘ಕುತ್ಬ್’, ಧ್ರುವ. ಸಂತೆಯಲ್ಲಿ ಬದನೆಕಾಯಿ ಕೊಂಡು ಶುಕ್ರಗ್ರಹ ಎಣಿಸಿಕೊಡೋದು ಹೇಗಿರಬೇಡ ಹೇಳು.

ಹಾಗ-ಬೇಳೆಯವರೇ, ಹುಣಸೆಹಣ್ಣು ಬಚ್ಚಿಟ್ಟೆ. ಸಾರಿಗೆ ಬೇಕು ಅಂತ ಈಗ ಮನೆಯಲ್ಲಿ ಹುಡುಕ್ತಿದ್ದಾರೆ. ಬಿದಿರು ಕಡ್ಡಿ ಹಾಕಿ ನೋಡಿದೆ, ಏನೂ ಉದುರಲಿಲ್ಲ.

ಬೆಳ್ಳಿ ಮಾತ್ರ (ಹುಬ್ಬಳ್ಳಿ)

ಕಂಡಕ್ಟರ್ ಸಾಹೇಬ್ರ, ಕಥಿ ಭಾಳ ಛಲೋ ಐತಿ. ಆದ್ರ ಲೆಕ್ಕ ತಪ್ಪೇತಿ. 1919ರ ರೂಪಾಯಿಯೊಳಗ ಹತ್ತೂವರಿ ಗ್ರಾಮಿಗಿಂತ ಜಾಸ್ತಿ ಚೊಕ್ಕ ಬೆಳ್ಳಿ ಇರತೈತಿ. ಈಗಿನ ಬೆಳ್ಳಿ ರೇಟ್ ನೋಡೀರಿ ಇಲ್ಲೋ? ಸವದ ಹೋದ ತಾಮ್ರದ ಬಿಲ್ಲಿಗೆ ಅದನ್ನ ಕೊಟ್ರಿ. ಅಜ್ಜ ಶಾಣ್ಯಾ ಇದ್ದಾನ. ಇನ್ನೊಂದು ಮಾತು, ಸಿಟ್ಟಾಗಬ್ಯಾಡ್ರಿ: ಮದಕರಿ ನಾಯಕನ ಊರವರಾಗಿ ಆ ಕೋಟಿ ಕಸಗೊಂಡವರ ದುಡ್ಡಿಗೆ ಇಷ್ಟು ಕುಣದಾಡೋದ್ಯಾಕ?

ಇರ್ಲಿ. ನಂದೂ ಆನಿದ ಕಥಿ. 1911ರ ರೂಪಾಯಿ, ನಮ್ಮ ಮಂದಿ ‘ಹಂದಿ ರೂಪಾಯಿ’ ಅಂತಾರ. ಐದನೇ ಜಾರ್ಜನ ನಿಲುವಂಗಿ ಮ್ಯಾಲಿನ ಸರಪಳಿಯೊಳಗ ಒಂದು ಆನಿ ಕೆತ್ತಿದ್ರು. ಸೊಂಡಿ ಎಷ್ಟು ಗಿಡ್ಡ ಆತಂದ್ರ, ಕೈಗೆ ಬಂದ ಕೂಡ್ಲೆ ಮಂದಿ ಇದು ಹಂದಿ ಅಂತ ಗದ್ದಲ ಎಬ್ಬಿಸಿದ್ರು. ಸರಕಾರ ಗಾಬರಿ ಆಗಿ ನಾಣ್ಯ ಹಿಂದ ತಗೊಂಡು ಕರಗಿಸ್ತು. 1912ರದ್ದು ನೋಡ್ರಿ, ಆನಿಗೆ ಉದ್ದಾನ ಸೊಂಡಿ ಬಂದೇತಿ. ಭೂತಗನ್ನಡಿ ಹಿಡಿದು ಎರಡನ್ನೂ ಬಾಜೂಕ ಇಟ್ಟು ನೋಡೋದ ಒಂದು ಮಜಾ. ನನಗ ಇದು ಸಿಕ್ಕಿದ್ದು ನಮ್ಮ ಸೋದರಮಾವನ ಕಡಿಂದ. ನಲವತ್ತು ವರ್ಷ ಅವರ ಜೋಡಿ ಮಾತು ಇದ್ದಿಲ್ಲ, ಹೊಲದ ವ್ಯಾಜ್ಯ. ಈ ವರ್ಷ ಮೊಮ್ಮಗನ ಮುಂಜಿವಿಗೆ ಕರೀಲಿಕ್ಕೆ ಬಂದಾಗ ಇದನ್ನ ತಂದಿಟ್ಟು, ‘ನೀ ಸಣ್ಣಾವಿದ್ದಾಗ ಇದಕ್ಕ ಅತ್ತಿದ್ದಿ’ ಅಂದ್ರು. ನನಗ ನೆನಪೂ ಇಲ್ಲ. ಋಣ ಅವರದ.

ತೋಟದ ಮನೆ (ಸಾಗರ)

ನಿಮ್ಮೆಲ್ಲರ ಚಿನ್ನ ಬೆಳ್ಳಿ ನೋಡಿ ಹೇಳೋಕೇ ನಾಚಿಕೆ. ನನ್ನದು ಒಂದು ತೂತು ಕಾಸು, 1944. ಯುದ್ಧದ ಕಾಲದಲ್ಲಿ ಲೋಹ ಉಳಿಸೋಕೆ ನಡುವೆ ದೊಡ್ಡ ತೂತು ಬಿಟ್ಟು ಅಚ್ಚು ಹಾಕಿದ್ದಲ್ಲ, ಅದೇ. 1943ರಿಂದ 1947ರವರೆಗೆ ಬಂತು. ಯಾವ ಅಂಗಡಿಯಲ್ಲೂ ಸಿಗುತ್ತೆ, ಒಂದು ಕಾಫಿ ತಿಂಡಿ ದುಡ್ಡಿಗೆ.

ಮಳೆಗಾಲ ಮುಗಿದ ಮೇಲೆ ನಮ್ಮ ಹಳೇ ಪಂಪ್‌ಸೆಟ್ ಕೆಟ್ಟಿತ್ತು. ರಿಪೇರಿಗೆ ಬಂದ ಹುಡುಗ ಬೋಲ್ಟ್ ಬಿಚ್ಚಿ, “ಅಮ್ಮಾ, ಇದು ವಾಷರ್ ಅಲ್ಲ, ದುಡ್ಡು” ಅಂತ ಕೊಟ್ಟ. ಗ್ರೀಸ್ ಒರೆಸಿದರೆ ಕಿರೀಟ ಕಾಣಿಸ್ತು. ವಾಷರ್ ಸಿಗದ ದಿನ ಮಾವನವರು ಹಾಕಿರಬೇಕು. ಅವರು ಹೋಗಿ ಹದಿನಾಲ್ಕು ವರ್ಷ ಆಯ್ತು. ಜೀವಮಾನದಲ್ಲಿ ಒಂದು ಮೊಳೆ ಬಿಸಾಕಿದವರಲ್ಲ. ಅತ್ತೆಗೆ ತೋರಿಸಿದೆ. ಅವರು ಅದನ್ನು ಹಿಡಿದು ತೂತಿನಿಂದ ನನ್ನನ್ನೇ ನೋಡಿ, “ನಿನ್ನ ಗಂಡನ ಉಡಿದಾರದಲ್ಲೂ ಒಂದಿತ್ತು ಕಣೆ, ಅಂಬೆಗಾಲಿಡೋವಾಗ ನೆಲಕ್ಕೆ ತಾಗಿ ಟಿಣ್ ಟಿಣ್ ಅನ್ನೋದು” ಅಂದರು. ಆಮೇಲೆ ಅರ್ಧ ಗಂಟೆ ಮಾವನವರ ಜಿಪುಣತನದ ಕಥೆ, ನಾನು ಯಾವತ್ತೂ ಕೇಳದೇ ಇದ್ದವು.

ಪಂಪಿನ ಹುಡುಗ ಹೊಸ ವಾಷರಿಗೆ ಬಿಲ್ಲಿನಲ್ಲಿ 5 ರೂಪಾಯಿ ಹಾಕಿದ. ಈ ವರ್ಷ ಇಷ್ಟು ಖುಷಿಯಿಂದ ನಾನು ಕೊಟ್ಟ ದುಡ್ಡು ಇನ್ನೊಂದಿಲ್ಲ.

ಬೆಳ್ಳಿ ಮಾತ್ರ ಅಣ್ಣಾ, ಆ ಅಜ್ಜ ಶಾಣ್ಯಾನೋ ಅಲ್ಲವೋ ನನಗೆ ಗೊತ್ತಿಲ್ಲ, ಕಂಡಕ್ಟರಣ್ಣ ಪೆದ್ದರಂತೂ ಅಲ್ಲ.

ಯಾರ್ಕ್‌ಷೈರ್ ಕನ್ನಡಿಗ (ಲೀಡ್ಸ್, ಇಂಗ್ಲೆಂಡ್)

ಇಲ್ಲಿಂದ ಒಂದು. 1809ರ ಜನವರಿಯಲ್ಲಿ ಅಡ್ಮಿರಲ್ ಗಾರ್ಡ್ನರ್ ಅನ್ನೋ ಈಸ್ಟ್ ಇಂಡಿಯಾ ಕಂಪನಿ ಹಡಗು ಇಂಗ್ಲೆಂಡಿನ ಕರಾವಳಿಯ ಮರಳುದಿಬ್ಬದಲ್ಲಿ ಮುಳುಗಿತು. ಅದರಲ್ಲಿ ಮದರಾಸಿಗೆ ಹೊರಟಿದ್ದ 1808ರ ತಾಮ್ರದ 10, 20 ಕಾಸಿನ ನಾಣ್ಯ ಟನ್ನುಗಟ್ಟಲೆ ಇತ್ತು. ಆಮೇಲೆ ಮುಳುಗುಗಾರರು ಮೇಲೆ ತಂದದ್ದರಿಂದ ಇಲ್ಲಿ ಅವು ಕಡಲೆಪುರಿ ಥರ. ಎಲ್ಲ ನಾಣ್ಯ ಸಂತೆಯಲ್ಲೂ ಒಂದು ಡಬ್ಬಿ ಇದ್ದೇ ಇರುತ್ತೆ.

ಫೆಬ್ರವರಿಯ ಒಂದು ಭಾನುವಾರ, ಹೊರಗೆ ಹಿಮ, ಒಳಗೆ ಮುದುಕರ ಗುಂಪು. ನಾನು ನೈಟ್ ಡ್ಯೂಟಿ ಮುಗಿಸಿ ನಿದ್ದೆಗಣ್ಣಲ್ಲಿ ಹೋಗಿದ್ದೆ. ಅಂಥ ಒಂದು ಡಬ್ಬಿಯಲ್ಲಿ ಕೈಯಾಡಿಸ್ತಿದ್ದಾಗ ಒಂದು ಮಾತ್ರ ಬೇರೆ ಥರ. ಇಂಗ್ಲಿಷಿನಲ್ಲಿ 20 ಕಾಸು ಅಂತಲೇ ಇದೆ, ಮಾರುವವನು ಅಷ್ಟನ್ನೇ ಓದಿ ಡಬ್ಬಿಗೆ ಹಾಕಿದ್ದಾನೆ. ಆದರೆ ಅದರಲ್ಲಿ ಒಂದು ಸಿಂಹ, ಮೇಲೆ ಕನ್ನಡ. ಶ್ರೀ ಚಾಮುಂಡಿ. ಅಷ್ಟು ದೂರದ ಊರಲ್ಲಿ, ಅಂಥ ಚಳಿಯಲ್ಲಿ ‘ಚಾ’ ಅಕ್ಷರದ ಬಾಗು ಕಂಡಾಗ ನಾನು ನಿಜವಾಗಲೂ ಜೋರಾಗಿ ಓದಿಬಿಟ್ಟೆ. ಪಕ್ಕದವರು ತಿರುಗಿ ನೋಡಿದರು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಸು, 1841. ಹಿಂದೆ ನಡುವೆ ಕೃಷ್ಣ, ಸುತ್ತ ಕನ್ನಡ, ಪರ್ಷಿಯನ್. ಅಂಥ ಕಾಸು ಬಂದದ್ದು 1843ರವರೆಗೆ ಮಾತ್ರ.

ಕಂಡಕ್ಟರ್ ಸಾರ್ ಓದಿದರೆ ಬೈಯಬಾರದು ಅಂತ ಹೇಳ್ತೀನಿ: ಮಾರುವವನಿಗೆ ಅದು ಏನು ಅಂತ ನಾನೂ ಹೇಳಿದೆ. ಅವನು ಒಂದು ಪೌಂಡ್ ಅಂದ ಮೇಲೆ ಒಂದು ಪೌಂಡ್, ಆದರೆ ಅದನ್ನು ಒಂದು ಚೀಟಿಯಲ್ಲಿ ನಿನ್ನ ಭಾಷೆಯಲ್ಲಿ ಬರೆದುಕೊಡು ಅಂದ. ಬರೆದುಕೊಟ್ಟೆ. ಈಗ ಅವನ ಮೇಜಿನ ಮೇಲೆ ಆ ಚೀಟಿ ಅಂಟಿಸಿದ್ದಾನೆ, ಮುಂದೆ ಅಂಥದ್ದು ಬಂದರೆ ಗುರುತಿಸೋಕೆ.

ಋಣ: ಒಂದನೇ ಕ್ಲಾಸಿನ ಟೀಚರಿಗೆ. ‘ಚ’ಕ್ಕೆ ಇಳಿ ತಪ್ಪಿದರೆ ಕೈ ಮೇಲೆ ಸ್ಕೇಲು ಬೀಳುತ್ತಿತ್ತು.

ಊರಲ್ಲಿರುವ ತಮ್ಮ ‘ನಮ್ಮ ಮನೆಯ ಹಳೇ ದುಡ್ಡನ್ನೆಲ್ಲ ಅಲ್ಲಿಗೆ ಕಳಿಸ್ತೀನಿ, ಮಾರು’ ಅಂತಿದ್ದಾನೆ. ಬೇಡ ಅಂದೆ. ನೂರು ವರ್ಷ ಮೀರಿದ ನಾಣ್ಯವನ್ನು ಭಾರತದಿಂದ ಹೊರಗೆ ಕಳಿಸುವ ಹಾಗಿಲ್ಲ, 1972ರ ಪುರಾವಸ್ತು ಕಾಯ್ದೆ ಇದೆ. ಇಲ್ಲಿ ಓದುತ್ತಿರುವ ಉಳಿದವರೂ ನೆನಪಿಡಿ, ಅಂಚೆಯಲ್ಲಿ ಉಡುಗೊರೆ ಅಂತ ಬರೆದರೂ ಅದು ಅಪರಾಧವೇ.

ಹೊಸಬ 2004 (ರಾಯಚೂರು)

ಎಲ್ಲಾರದೂ ಓದಿದೆ. ನಂದು ಹೇಳಾಕ ಏನೂ ಇಲ್ಲ, 2 ಪೈಸೆ 3 ಪೈಸೆ ಅಷ್ಟ ಅದಾವ. ನಮ್ಮ ಹೊಲದಾಗ ಉಳುವಾಗ ಮಡಕೆ ತುಂಬ ಸಿಕ್ಕರ ಇಟ್ಕೋಬಹುದೇನ್ರಿ?

ಹಾಗ-ಬೇಳೆ (ಮೈಸೂರು)

ಇಟ್ಕೋಬಾರದು ತಮ್ಮಾ. ನೆಲದಲ್ಲಿ ಹೂತಿಟ್ಟದ್ದು ಸಿಕ್ಕರೆ ಅದು ನಿಧಿ, ಜಿಲ್ಲಾಧಿಕಾರಿಗೆ ತಿಳಿಸಬೇಕು. 1878ರಲ್ಲೇ ಕಾನೂನು ಬಂತು. ಆಗಿನ ಲೆಕ್ಕದಲ್ಲಿ 10 ರೂಪಾಯಿ ಮೀರಿದರೆ ಸಾಕು. ಅದಕ್ಕಿಂತ ಮುಖ್ಯವಾದ ಕಾರಣವೂ ಒಂದಿದೆ. ಮಡಕೆಯಲ್ಲಿ ಯಾವ ನಾಣ್ಯದ ಜೊತೆ ಯಾವುದಿತ್ತು ಅನ್ನೋದೇ ಚರಿತ್ರೆ. ಒಂದೊಂದಾಗಿ ಮಾರಿಹೋದರೆ ಅದು ಅಳಿಸಿಹೋಗುತ್ತೆ. ವಿಷ್ಣುವರ್ಧನನ ಚಿನ್ನದ ನಾಣ್ಯದ ಮೇಲೆ ಕನ್ನಡದಲ್ಲಿ ‘ಶ್ರೀ ತಳಕಾಡು ಗೊಂಡ’ ಅಂತಿದೆ. ಚೋಳರಿಂದ ತಲಕಾಡು ಗೆದ್ದ ಸುದ್ದಿಯನ್ನು ಹೊಯ್ಸಳ ದೊರೆ ಊರೂರಿಗೆ ಮುಟ್ಟಿಸಿದ್ದು ಹೀಗೆ. ಅಂಥದ್ದು ಒಂದು ಸಿಕ್ಕು ಸೀದಾ ಕುಲುಮೆಗೆ ಹೋದರೆ? 2 ಪೈಸೆ 3 ಪೈಸೆಯಿಂದಲೇ ನಾವೆಲ್ಲ ಶುರುಮಾಡಿದ್ದು. ವರ್ಷದ ಕೆಳಗೆ ವಜ್ರದ ಚಿಹ್ನೆ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ಏನೂ ಇಲ್ಲದಿದ್ದರೆ ಕಲ್ಕತ್ತಾ. ಮೊದಲು ನಿನ್ನ ಡಬ್ಬಿಯನ್ನು ಹಾಗೆ ವಿಂಗಡಿಸು, ಒಂದು ಭಾನುವಾರ ಹೋಗೋದೇ ಗೊತ್ತಾಗಲ್ಲ.

ರೈಟ್ ರೈಟ್ (ಚಿತ್ರದುರ್ಗ)

ಹುಬ್ಬಳ್ಳಿ ಅಣ್ಣನಿಗೆ ಉತ್ತರ ಬಾಕಿ ಇದೆ. ಸಿಟ್ಟೇನಿಲ್ಲ. 1779ರಲ್ಲಿ ಹೈದರ್ ನಮ್ಮ ಏಳು ಸುತ್ತಿನ ಕೋಟೆ ತಗೊಂಡ, ಮದಕರಿ ನಾಯಕರನ್ನು ಹಿಡಿದುಕೊಂಡು ಹೋದ. ಓಬವ್ವನ ಕಿಂಡಿಯ ಮುಂದೆ ನಾನೂ ಚಪ್ಪಲಿ ಬಿಟ್ಟು ನಿಂತವನೇ. ಹತ್ತು ವರ್ಷದೊಳಗೆ ಟಿಪ್ಪು ನಮ್ಮೂರ ಹೆಸರೇ ಬದಲಾಯಿಸಿ ಫರ್ರುಖ್‌ಯಾಬ್ ಹಿಸಾರ್ ಅಂದ. ಆ ಹೆಸರು ಇವತ್ತು ಊರಲ್ಲಿ ಯಾರ ಬಾಯಲ್ಲೂ ಇಲ್ಲ. ಬಸ್ ಸ್ಟ್ಯಾಂಡಿನಲ್ಲಿ ನಿಂತು ಕೂಗಿದರೆ ಒಂದು ಸೀಟೂ ತುಂಬಲ್ಲ. ಉಳಿದಿರೋದು ಇಂಥ ತಾಮ್ರದ ಮೇಲೆ ಮಾತ್ರ. ನನಗೆ ಬೇಕಿದ್ದದ್ದು ಟಿಪ್ಪುವಿನದು ಅಂತಲ್ಲ, ಊರಿನದು ಅಂತ. ನಾಯಕರ ಹೆಸರಿನ ದುಡ್ಡು ನಾಳೆ ಸಿಕ್ಕರೆ ಅದಕ್ಕೂ ಇಷ್ಟೇ ಕುಣೀತೀನಿ, ಇನ್ನೊಂದು ಬೆಳ್ಳಿ ರೂಪಾಯಿ ಕೊಡ್ತೀನಿ.

ಕೋಟೆಯ ಮೇಲೆ ಟಂಕಸಾಲೆ ಅಂತ ತೋರಿಸುವ ಮಣ್ಣಿನ ಗೋಡೆಗಳಿವೆಯಲ್ಲ, ಹೋದ ಭಾನುವಾರ ಇದನ್ನು ಜೇಬಿನಲ್ಲಿಟ್ಟುಕೊಂಡು ಅಲ್ಲಿಗೆ ಹತ್ತಿದೆ. ಮಂಡಿ ನೋವಿಗೆ ಎರಡು ಕಡೆ ಕೂತು ಎದ್ದೆ. ಗೋಡೆಯ ನೆರಳಲ್ಲಿ ತೆಗೆದು ನೋಡಿದೆ, ಮತ್ತೆ ಜೇಬಿಗೆ ಹಾಕಿದೆ, ಅಷ್ಟೇ. ಪಕ್ಕದಲ್ಲಿ ಸೆಲ್ಫಿ ತಗೊಳ್ತಿದ್ದ ಹುಡುಗರು ಈ ಮುದುಕ ಏನೋ ಕದ್ದಿದ್ದಾನೆ ಅನ್ನೋ ಹಾಗೆ ನೋಡಿದರು.

ಇಳಿದು ಬರುವಾಗ ಅಜ್ಜನ ಅಂಗಡಿಗೆ ಹೋದೆ. ಗಲ್ಲಾಪೆಟ್ಟಿಗೆ ಮೇಲೆ ಜಾರ್ಜ್ ರಾಜ ಕೂತಿದ್ದ, ಆಗಲೇ ಹಿಪ್ಪಲಿ ಪುಡಿ ಮೆತ್ತಿಕೊಂಡು ಬೂದಿ ಬಣ್ಣ. ಬೆಳ್ಳಿ ರೇಟಿನ ವಿಷಯ ನಾನೇ ತೆಗೆದೆ, ಮಾರಬೇಕು ಅನ್ನಿಸಿದರೆ ಮೊದಲು ನನಗೆ ಹೇಳಿ ಅಜ್ಜಾ ಅಂತ.

ಅಜ್ಜ ತಕ್ಕಡಿ ಎತ್ತಿ ಯಾರಿಗೋ ಬಜೆ ತೂಗ್ತಾ, ತಲೆ ಎತ್ತದೆ ಅಂದರು: “ಮಾರೋದಿರಲಿ, ನಿನ್ನ ರಾಜ ಬಂದಾಗಿಂದ ತೊಲಕ್ಕೆ ಅರ್ಧ ಗ್ರಾಂ ನನಗೇ ಲುಕ್ಸಾನು. ನೀನು ಬರೋಕಿಂತ ಮುಂಚೆ ನಾನು ಆರಾಮಾಗಿದ್ದೆ ಕಣಯ್ಯ.”